ಶ್ರವಣಪರೀಕ್ಷೆಯ ಭಾಷೆ: ಒಂದು ಚಾರಿತ್ರಿಕ ಸಮೀಕ್ಷೆ

ಮನುಷ್ಯನ ಶ್ರವಣಶಕ್ತಿಯನ್ನು ಅಳೆಯುವ ಮಾರ್ಗಗಳು ಸ್ಥೂಲವಾಗಿ ಎರಡು. ನಿಶ್ಚಿತ ಸ್ಥಾಯಿಯ ಶುದ್ಧನಾದವನ್ನು ಕ್ರಮಕ್ರಮವಾಗಿ ತಗ್ಗಿಸುತ್ತ ಹೋಗಿ, ಅದು ಕಿವಿಗೆ ಬೀಳುವ ಕನಿಷ್ಠ ಮಟ್ಟವನ್ನು ಡೆಸಿಬೆಲ್ ಲೆಕ್ಕದಲ್ಲಿ ಗುರುತಿಸುವುದು ಮೊದಲನೆಯದು. ಪದಗಳನ್ನು ಉಚ್ಚರಿಸಿ, ಕೇಳಿದವನು ಅವುಗಳಲ್ಲಿ ಎಷ್ಟನ್ನು ಸರಿಯಾಗಿ ಮರಳಿ ನುಡಿಯುವನೆಂದು ಎಣಿಸುವುದು ಎರಡನೆಯದು. ಮೊದಲನೆಯದರಿಂದ ಕಿವಿಯ ಸ್ಥಿತಿ ತಿಳಿಯುವುದು. ಎರಡನೆಯದರಿಂದ ಆ ಮನುಷ್ಯನು ನಿತ್ಯವ್ಯವಹಾರದಲ್ಲಿ ಮಾತನ್ನು ಎಷ್ಟರಮಟ್ಟಿಗೆ ಗ್ರಹಿಸಬಲ್ಲನೆಂಬುದು ತಿಳಿಯುವುದು. ನಾದಕ್ಕೆ ದೇಶಭಾಷೆಗಳ ಕಟ್ಟಿಲ್ಲ. ಪದವಾದರೋ ಯಾವುದಾದರೊಂದು ಭಾಷೆಗೆ ಸೇರಿಯೇ ತೀರಬೇಕು. ಆದಕಾರಣ ಎರಡನೆಯ ಬಗೆಯ ಪರೀಕ್ಷೆಯು ಕಿವಿಯ ಜೊತೆಗೆ ಭಾಷಾಪರಿಚಯವನ್ನೂ ಅಳೆಯುತ್ತದೆ. ಪದವನ್ನು ಅರಿಯದವನು ಅದನ್ನು ಕೇಳದವನಂತೆಯೇ ತಡವರಿಸುವನು. ಪರೀಕ್ಷಕನ ಕಾಗದದಲ್ಲಿ ಎರಡು ತಪ್ಪುಗಳಿಗೂ ಒಂದೇ ಗುರುತು.

ಈ ಎರಡನೆಯ ಪರೀಕ್ಷೆಯ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಅದರಲ್ಲಿ ಭಾಷೆಯ ಪ್ರಶ್ನೆ ಎಂದು, ಎಲ್ಲಿ, ಯಾವ ರೀತಿಯಲ್ಲಿ ತಲೆಯೆತ್ತಿತೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಪದಪಟ್ಟಿಯನ್ನು ಯಾರು ಯಾರಿಗಾಗಿ ಸಿದ್ಧಪಡಿಸಿದರೆಂಬ ಸಂಗತಿಯು, ಕಿವುಡರೆಂದೂ ಮಾತಿನ ದೋಷವುಳ್ಳವರೆಂದೂ ಯಾರನ್ನು ಎಣಿಸಲಾಯಿತೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸಿತು ಎಂಬುದು ನಮ್ಮ ಪ್ರತಿಪಾದನೆ. ಈ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಮೈಸೂರು ನಗರದಲ್ಲಿಯೇ ನಡೆದಿರುವುದರಿಂದ ಈ ವಿಚಾರ ನಮಗೆ ದೂರದ್ದೇನೂ ಅಲ್ಲ.

1. ಪದಪಟ್ಟಿಯ ಹುಟ್ಟು

ಪದಗಳಿಂದ ಶ್ರವಣವನ್ನು ಅಳೆಯುವ ವ್ಯವಸ್ಥಿತ ಕ್ರಮವು ವೈದ್ಯಶಾಲೆಯಲ್ಲಿ ಹುಟ್ಟಿದುದಲ್ಲ. ದೂರವಾಣಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದುದು. ತಂತಿಯ ಒಂದು ತುದಿಯಲ್ಲಿ ಆಡಿದ ಮಾತು ಇನ್ನೊಂದು ತುದಿಯಲ್ಲಿ ಎಷ್ಟು ಸ್ಪಷ್ಟವಾಗಿ ಕೇಳುವುದೆಂದು ಅರಿಯುವ ಅಗತ್ಯ ಅಮೆರಿಕದ ದೂರವಾಣಿ ಸಂಸ್ಥೆಗಳಿಗೆ ಒದಗಿತು. ಹಾರ್ವಿ ಫ್ಲೆಚರ್ ಮತ್ತು ಸ್ಟೈನ್‌ಬರ್ಗ್ ಎಂಬ ವಿಜ್ಞಾನಿಗಳು ಇದಕ್ಕೆ ಬೇಕಾದ ಪರೀಕ್ಷಾವಿಧಾನಗಳನ್ನು 1929ರಲ್ಲಿ ಪ್ರಕಟಿಸಿದರು. ಅದೇ ದಶಕದಲ್ಲಿ ಗ್ರಾಮಫೋನಿನ ಮುದ್ರಿಕೆಯಿಂದ ಅಂಕಿಗಳನ್ನು ಕ್ರಮೇಣ ತಗ್ಗುವ ಧ್ವನಿಯಲ್ಲಿ ನುಡಿಸಿ, ಒಮ್ಮೆಗೆ ಸುಮಾರು 40 ಶಾಲಾಮಕ್ಕಳನ್ನು ಪರೀಕ್ಷಿಸುವ ಯಂತ್ರವೂ ಬಳಕೆಗೆ ಬಂದಿತು. ಮಕ್ಕಳು ಕೇಳಿದ ಅಂಕಿಗಳನ್ನು ಕಾಗದದ ಮೇಲೆ ಬರೆಯಬೇಕಾಗಿತ್ತು. ಇಂಗ್ಲಿಷ್ ಅಂಕಿಗಳನ್ನು ಒಡನೆಯೇ ಗುರುತಿಸಿ ಬರೆಯಬಲ್ಲ ಮಗುವೇ ಸಾಮಾನ್ಯ ಮಗುವೆಂಬ ಎಣಿಕೆ ಆ ಯಂತ್ರದಲ್ಲಿ ಅಡಗಿತ್ತು. ಯೂರೋಪಿನ ನಾನಾ ದೇಶಗಳಿಂದ ವಲಸೆ ಬಂದವರ ಮಕ್ಕಳು ತುಂಬಿದ್ದ ನಗರಗಳ ಶಾಲೆಗಳಿಗೆ ಈ ಎಣಿಕೆ ಎಷ್ಟರಮಟ್ಟಿಗೆ ಹೊಂದುತ್ತಿತ್ತೆಂಬುದನ್ನು ಓದುಗರು ಊಹಿಸಬಹುದು.

ಎರಡನೆಯ ಮಹಾಯುದ್ಧವು ಈ ವಿದ್ಯೆಗೆ ವೇಗವನ್ನು ತಂದುಕೊಟ್ಟಿತು. ವಿಮಾನದ ಅಬ್ಬರದ ನಡುವೆ ಆಜ್ಞೆಗಳು ಸೈನಿಕರಿಗೆ ಕೇಳಿಸಬೇಕಾಗಿತ್ತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ, ಇಂಗ್ಲಿಷಿನ ಧ್ವನಿಗಳು ಆಡುಮಾತಿನಲ್ಲಿ ಯಾವ ಪ್ರಮಾಣದಲ್ಲಿ ಬರುವುವೋ ಹೆಚ್ಚುಕಡಮೆ ಅದೇ ಪ್ರಮಾಣದಲ್ಲಿ ಬರುವಂತೆ 50 ಏಕಾಕ್ಷರ ಪದಗಳ ಪಟ್ಟಿಗಳನ್ನು ರಚಿಸಲಾಯಿತು. ಈಗನ್ ಎಂಬ ಸಂಶೋಧಕನು ಇವುಗಳ ವಿವರವನ್ನು 1948ರಲ್ಲಿ ಪ್ರಕಟಿಸಿದನು. ಯುದ್ಧದಲ್ಲಿ ಶ್ರವಣವನ್ನು ಕಳೆದುಕೊಂಡ ಸೈನಿಕರಿಗೆ ಶ್ರವಣಯಂತ್ರವನ್ನು ಆರಿಸಿಕೊಡುವ ಕಾರ್ಯದಲ್ಲಿ ರೇಮಂಡ್ ಕಾರ್ಹಾರ್ಟ್ ಇಂತಹ ಮಾತಿನ ಪರೀಕ್ಷೆಗಳನ್ನು ಪ್ರಯೋಗಿಸಿದನು. ಬಳಿಕ 1952ರಲ್ಲಿ ಸೇಂಟ್ ಲೂಯಿಸ್ ನಗರದ ಕಿವುಡರ ಕೇಂದ್ರಸಂಸ್ಥೆಯಲ್ಲಿ ಹರ್ಷ್ ಮತ್ತು ಅವರ ಸಹೋದ್ಯೋಗಿಗಳು ಈ ಪಟ್ಟಿಗಳನ್ನು ಪರಿಷ್ಕರಿಸಿದರು. ಹೆಚ್ಚು ಪರಿಚಿತವಾದ ಪದಗಳನ್ನು ಮಾತ್ರ ಉಳಿಸಿಕೊಂಡು 50 ಪದಗಳ ನಾಲ್ಕು ಪಟ್ಟಿಗಳನ್ನೂ, ಎರಡು ಅಕ್ಷರಗಳ ಮೇಲೂ ಸಮನಾದ ಒತ್ತು ಬೀಳುವ 36 ಸಮಾಸಪದಗಳ ಇನ್ನೊಂದು ಪಟ್ಟಿಯನ್ನೂ ಅವರು ಸಿದ್ಧಪಡಿಸಿದರು. ಇವು ಬಹುಕಾಲ ಪ್ರಪಂಚದ ಅನೇಕ ಶ್ರವಣಚಿಕಿತ್ಸಾಲಯಗಳಿಗೆ ಮಾದರಿಯಾದುವು.

ಪರಿಷ್ಕರಣದಲ್ಲಿ ಪರಿಚಿತತೆಗೆ ಪ್ರಾಶಸ್ತ್ಯ ಕೊಟ್ಟುದು ವಿವೇಕದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಪರಿಚಯ ಯಾರದು? 36 ಪದಗಳ ಆ ಪಟ್ಟಿಯಲ್ಲಿ ಬೇಸ್‌ಬಾಲ್, ಹಾಟ್‌ಡಾಗ್, ಕೌಬಾಯ್, ಓಟ್‌ಮೀಲ್, ಐಸ್‌ಬರ್ಗ್, ಪ್ಯಾನ್‌ಕೇಕ್ ಮುಂತಾದ ಪದಗಳಿರುವುವು. ಇವು ಅಮೆರಿಕದ ಒಂದು ಕಾಲದ ಮನೆ, ಆಟ, ಊಟಗಳಿಂದ ಎತ್ತಿಕೊಂಡ ಪದಗಳು. ಅಲ್ಲಿನವರಿಗೆ ಅರ್ಧ ಕೇಳಿದರೂ ಉಳಿದರ್ಧ ತಾನಾಗಿ ಹೊಳೆಯುವುದು. ಆ ಜೀವನಕ್ಕೆ ಹೊರಗಿನವರಿಗೆ ಪೂರ್ತಿಯಾಗಿ ಕೇಳಿದರೂ ಪದ ಕೈಗೆ ಸಿಗದು.

2. ಅಮೆರಿಕದಲ್ಲಿಯೇ ಎದ್ದ ಆಕ್ಷೇಪ

ಭಾಷೆಯ ಅಪರಿಚಯವನ್ನು ದೇಹದ ಅಥವಾ ಬುದ್ಧಿಯ ಊನವೆಂದು ಬರೆದುಕೊಳ್ಳುವುದರ ವಿರುದ್ಧ ಮೊದಲು ದನಿಯೆತ್ತಿದವರು ವೈದ್ಯರಲ್ಲ, ಮಕ್ಕಳ ತಂದೆತಾಯಿಗಳು. ಕ್ಯಾಲಿಫೋರ್ನಿಯದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಇಂಗ್ಲಿಷ್ ಪರೀಕ್ಷೆಗಳ ಆಧಾರದಿಂದ ಮಂದಬುದ್ಧಿಯ ತರಗತಿಗಳಿಗೆ ಸೇರಿಸಿದುದನ್ನು ಪ್ರಶ್ನಿಸಿದ ಡಯಾನ ಮೊಕದ್ದಮೆಯು 1970ರಲ್ಲಿ ಒಪ್ಪಂದದಲ್ಲಿ ಕೊನೆಗೊಂಡು, ಮಕ್ಕಳನ್ನು ಅವರವರ ಮನೆಮಾತಿನಲ್ಲಿಯೂ ಪರೀಕ್ಷಿಸಬೇಕೆಂಬ ನಿಯಮಕ್ಕೆ ದಾರಿಯಾಯಿತು. 1974ರಲ್ಲಿ ಲೌ ಮೊಕದ್ದಮೆಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಸ್ಯಾನ್ ಫ್ರಾನ್ಸಿಸ್ಕೋ ನಗರದ ಚೀನೀ ಮನೆಮಾತಿನ ಮಕ್ಕಳ ಪರವಾಗಿ ತೀರ್ಪಿತ್ತಿತು. ಅರ್ಥವಾಗದ ಭಾಷೆಯಲ್ಲಿ ಎಲ್ಲರಿಗೂ ಒಂದೇ ಪಾಠವನ್ನು ಹೇಳುವುದು ಸಮಾನತೆಯಾಗದೆಂಬುದು ಆ ತೀರ್ಪಿನ ಸಾರ.

1979ರಲ್ಲಿ ಮಿಷಿಗನ್ನಿನ ಆನ್ ಆರ್ಬರ್ ನಗರದ ಮೊಕದ್ದಮೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಇಲ್ಲಿ ಮಕ್ಕಳು ಪರಭಾಷೆಯವರಾಗಿರಲಿಲ್ಲ; ಇಂಗ್ಲಿಷಿನದೇ ಒಂದು ಪ್ರಭೇದವನ್ನು ಆಡುವ ಕರಿಯ ಜನಾಂಗದ ಬಡಮಕ್ಕಳು. ಅವರ ಮನೆಮಾತನ್ನು ಗಮನಕ್ಕೆ ತಂದುಕೊಂಡು ಓದು ಕಲಿಸುವಂತೆ ಉಪಾಧ್ಯಾಯರಿಗೆ ನೆರವಾಗಬೇಕೆಂದು ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ಶಾಲಾಮಂಡಲಿಗೆ ಆಜ್ಞಾಪಿಸಿದರು. ನಾಲ್ಕು ವರ್ಷಗಳ ಬಳಿಕ, 1983ರಲ್ಲಿ, ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘವು ಇಂಗ್ಲಿಷಿನ ಯಾವ ಸಾಮಾಜಿಕ ಪ್ರಭೇದವೂ ಮಾತಿನ ರೋಗವಲ್ಲವೆಂದು ತನ್ನ ನಿಲುವನ್ನು ಪ್ರಕಟಿಸಿತು. ಸಂಘವು ಸ್ಥಾಪನೆಯಾದುದು 1925ರಲ್ಲಿ. ಭೇದಕ್ಕೂ ದೋಷಕ್ಕೂ ನಡುವಣ ಗೆರೆಯನ್ನು ಅಧಿಕೃತವಾಗಿ ಎಳೆಯಲು ಅದಕ್ಕೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತೆಂಬುದನ್ನು ಚರಿತ್ರಕಾರನು ಗಮನಿಸಬೇಕಾಗುತ್ತದೆ.

3. ಮೈಸೂರಿನ ಅಧ್ಯಾಯ

ಭಾರತದಲ್ಲಿ ಈ ವಿದ್ಯೆಯ ಅಭ್ಯಾಸಕ್ಕೆ ಕೇಂದ್ರಸರ್ಕಾರವು 1965ರಲ್ಲಿ ಮೈಸೂರಿನಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಎಂಬುದು ಅದೇ. ಪಠ್ಯಗಳು, ಉಪಕರಣಗಳು, ಪರೀಕ್ಷಾಕ್ರಮಗಳು ಬಹುಮಟ್ಟಿಗೆ ಅಮೆರಿಕದ ಮಾದರಿಯವು, ಬೋಧನೆ ಇಂಗ್ಲಿಷಿನಲ್ಲಿ, ವಿದ್ಯಾರ್ಥಿಗಳು ನಾನಾ ಪ್ರಾಂತಗಳವರು. ಆದರೆ ಚಿಕಿತ್ಸಾಲಯದ ಬಾಗಿಲಿಗೆ ಬರುತ್ತಿದ್ದವರಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರಗಳ ಕಡೆಯ ಕನ್ನಡಿಗರು ಹೇರಳವಾಗಿದ್ದರು. ಸೇಂಟ್ ಲೂಯಿಸಿನ ಪಟ್ಟಿಯನ್ನು ಇವರ ಮುಂದೆ ಓದುವುದು ವ್ಯರ್ಥವೆಂಬುದು ಬೇಗನೆ ಮನವರಿಕೆಯಾಗಿರಬೇಕು.

ಪದಗಳನ್ನು ಭಾಷಾಂತರಿಸಿಕೊಂಡರೆ ಸಾಲದೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುವುದು. ಕನ್ನಡದ ಲಕ್ಷಣವನ್ನು ಬಲ್ಲವರಿಗೆ ಅದು ಸಾಲದೆಂಬುದು ಸ್ಪಷ್ಟ. ಇಂಗ್ಲಿಷಿನಲ್ಲಿ ವ್ಯಂಜನಾಂತವಾದ ಏಕಾಕ್ಷರ ಪದಗಳು ಯಥೇಚ್ಛವಾಗಿವೆ. ಕನ್ನಡದಲ್ಲಿ ಕೈ, ಹೂ, ಬಾ ಮುಂತಾದ ಕೆಲವನ್ನು ಬಿಟ್ಟರೆ ಪದವು ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು ಅಕ್ಷರಗಳುಳ್ಳದ್ದು, ಸ್ವರಾಂತವಾದದ್ದು. ಇಂಗ್ಲಿಷ್ ಸಮಾಸಪದಗಳ ಸಮಬಲದ ಒತ್ತಿಗೆ ಕನ್ನಡದಲ್ಲಿ ಪ್ರತಿರೂಪವಿಲ್ಲ. ಅರ್ಥವನ್ನು ಬೇರ್ಪಡಿಸುವ ಭೇದಗಳೂ ಬೇರೆ: ಹುಲಿ-ಹುಳಿ, ಕಾಲು-ಕಾಳು ಎಂಬಲ್ಲಿನ ಲಕಾರ-ಳಕಾರಗಳ ಭೇದ, ಅಡಿ-ಆಡಿ ಎಂಬಲ್ಲಿನ ಹ್ರಸ್ವದೀರ್ಘಭೇದ, ಕತೆ-ಕತ್ತೆ ಎಂಬಲ್ಲಿನ ದ್ವಿತ್ವಭೇದ. ಕನ್ನಡಿಗನು ಕಿವಿಯಿಂದ ಹಿಡಿಯಬೇಕಾದ ಈ ಸೂಕ್ಷ್ಮಗಳನ್ನು ಇಂಗ್ಲಿಷ್ ಪಟ್ಟಿ ಪರೀಕ್ಷಿಸುವುದೇ ಇಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲ ಕನ್ನಡಿಗನಿಗೂ ಆ ಪಟ್ಟಿಯಿಂದ ದೊರೆಯುವ ಫಲ ಅವನ ಮನೆಯ ಮಾತುಕತೆಗೆ ಅನ್ವಯಿಸದು.

ಆದಕಾರಣ ಭಾಷೆಯ ಧ್ವನಿಪ್ರಮಾಣವನ್ನೇ ಮೊದಲಿನಿಂದ ಎಣಿಸಬೇಕಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಅವರ ಸಹೋದ್ಯೋಗಿಗಳು 1962ರಲ್ಲಿ ಪ್ರಕಟಿಸಿದ, ಭಾರತೀಯ ಭಾಷೆಗಳ ಸಂಖ್ಯಾಶಾಸ್ತ್ರೀಯ ಅಧ್ಯಯನವು ಇಂತಹ ಎಣಿಕೆಗೆ ಮೊದಲ ನೆಲೆಗಟ್ಟುಗಳಲ್ಲೊಂದು. ಅದರ ಪ್ರೇರಣೆಯೂ ವೈದ್ಯಕೀಯವಲ್ಲ, ಸಂಪರ್ಕವಿಜ್ಞಾನದ್ದು. ದೂರವಾಣಿಯ ವಿದ್ಯೆಯೇ ಶ್ರವಣವಿದ್ಯೆಗೆ ದಾರಿ ತೆರೆದ ಅಮೆರಿಕದ ಕಥೆ ಇಲ್ಲಿಯೂ ಮರುಕಳಿಸಿತೆನ್ನಬಹುದು. ಮೈಸೂರಿನ ಸಂಸ್ಥೆಯಲ್ಲಿ ಬಾಬು, ರತ್ನ ಮತ್ತು ಬೆಟ್ಟಗೇರಿ ಎಂಬ ಮೂವರು 1972ರಲ್ಲಿ ಕನ್ನಡ ಉಚ್ಚಾರಣೆಯ ಪರೀಕ್ಷೆಯೊಂದನ್ನು ಪ್ರಕಟಿಸಿದರು. 1970ರ ದಶಕದಲ್ಲಿ ಹಿಂದಿ, ತಮಿಳು ಮುಂತಾದ ಭಾಷೆಗಳಿಗೂ ಪಟ್ಟಿಗಳು ಸಿದ್ಧವಾಗತೊಡಗಿದುವು. ಕನ್ನಡದ ಧ್ವನಿಪ್ರಮಾಣಕ್ಕೆ ಹೊಂದುವಂತೆ ಎರಡಕ್ಷರದ ಪದಗಳಿಂದ ರಚಿತವಾದ ಪಟ್ಟಿಯನ್ನು ಯತಿರಾಜ್ ಮತ್ತು ವಿಜಯಲಕ್ಷ್ಮಿ ಎಂಬವರು 2005ರಲ್ಲಿ ಅದೇ ಸಂಸ್ಥೆಯಿಂದ ಹೊರತಂದರು. ಏಕಾಕ್ಷರದ ನಿಯಮವನ್ನು ಬಿಟ್ಟು ಎರಡಕ್ಷರವನ್ನು ಅಂಗೀಕರಿಸಿದ ಈ ಬದಲಾವಣೆ ಹೊರನೋಟಕ್ಕೆ ಅಲ್ಪವಾಗಿ ತೋರಬಹುದು. ಪರೀಕ್ಷೆಗೆ ತಕ್ಕಂತೆ ಭಾಷೆಯನ್ನು ಹುಡುಕುವುದನ್ನು ಬಿಟ್ಟು ಭಾಷೆಗೆ ತಕ್ಕಂತೆ ಪರೀಕ್ಷೆಯನ್ನು ರಚಿಸಿದರೆಂಬುದೇ ಅದರ ಮಹತ್ವ.

4. ಯಾವ ಕನ್ನಡ?

ಕನ್ನಡದ ಪಟ್ಟಿ ದೊರೆತೊಡನೆ ಪ್ರಶ್ನೆ ಮುಗಿಯಿತೆಂದು ಭಾವಿಸುವಂತಿಲ್ಲ. ಗ್ರಂಥಸ್ಥ ಕನ್ನಡಕ್ಕೂ ಆಡುಮಾತಿಗೂ, ಸೀಮೆಸೀಮೆಯ ಮಾತುಗಳಿಗೂ, ಜಾತಿಜಾತಿಯ ಮಾತುಗಳಿಗೂ ಇರುವ ಅಂತರವನ್ನು ಭಾಷಾಶಾಸ್ತ್ರಜ್ಞರು ಬಹಳ ಹಿಂದೆಯೇ ತೋರಿಸಿಕೊಟ್ಟಿರುವರು. ಮೈಸೂರು ಸೀಮೆಯಲ್ಲಿ ಜಾತಿಗೂ ಮಾತಿಗೂ ಇರುವ ಸಂಬಂಧವನ್ನು ವಿಲಿಯಂ ಬ್ರೈಟ್ 1960ರಲ್ಲಿ ವಿವೇಚಿಸಿದರು. ಅದೇ ವರ್ಷ ಮ್ಯಾಕಾರ್ಮಕ್ ಎಂಬವರು ಧಾರವಾಡ ಕನ್ನಡದ ಸಾಮಾಜಿಕ ಪ್ರಭೇದಗಳನ್ನು ನಿರೂಪಿಸಿದರು. 1960ರ ದಶಕದ ಉತ್ತರಾರ್ಧದಿಂದ ಪುಣೆಯ ಡೆಕ್ಕನ್ ಕಾಲೇಜು ನಂಜನಗೂಡು, ಗುಲ್ಬರ್ಗ ಮೊದಲಾದ ಕಡೆಗಳ ಕನ್ನಡವನ್ನು ಕುರಿತ ಅಧ್ಯಯನಗಳನ್ನು ಪ್ರಕಟಿಸಿತು.

ಒಂದೆರಡು ನಿದರ್ಶನಗಳಿಂದ ಇದರ ಪರಿಣಾಮವನ್ನು ತಿಳಿಯಬಹುದು. ಪರೀಕ್ಷಕನು ‘ಮನೆ’ ಎಂದು ನುಡಿಯುವನು; ಧಾರವಾಡದ ಕಡೆಯ ವೃದ್ಧನು ‘ಮನಿ’ ಎಂದು ಮರಳಿ ಹೇಳುವನು. ‘ತಲೆ’ ಎಂದರೆ ‘ತಲಿ’ ಎನ್ನುವನು. ಅವನ ಕಿವಿಯಲ್ಲಿ ಲೋಪವಿಲ್ಲ. ಪದವನ್ನು ಗ್ರಹಿಸಿ ತನ್ನ ರೂಢಿಯಂತೆ ನುಡಿದಿರುವನು. ಅಕ್ಷರಕ್ಕೆ ಅಕ್ಷರವನ್ನು ಹೊಂದಿಸಿ ನೋಡುವ ಪರೀಕ್ಷಕನು ಅಲ್ಲಿ ತಪ್ಪು ಹಾಕಿದರೆ, ಶ್ರವಣದ ಲೆಕ್ಕದಲ್ಲಿ ಇಲ್ಲದ ನಷ್ಟವೊಂದು ಸೇರಿಹೋಗುವುದು.

ಉಚ್ಚಾರಣೆಯ ಪರೀಕ್ಷೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹಳೆಯ ಮೈಸೂರಿನ ಗ್ರಾಮಾಂತರದಲ್ಲಿ ಅನೇಕರು ಪದಾದಿಯ ಹಕಾರವನ್ನು ಬಿಟ್ಟು ‘ಹಾಲು’ ಎಂಬುದನ್ನು ‘ಆಲು’ ಎಂದೂ, ‘ಹಸು’ ಎಂಬುದನ್ನು ‘ಅಸು’ ಎಂದೂ ನುಡಿಯುವರು. ಇಂತಹ ಮನೆಯ ಮಗುವನ್ನು ಹಕಾರದ ದೋಷವುಳ್ಳದ್ದೆಂದು ಬರೆದುಕೊಳ್ಳುವುದು ಸುಲಭ. ಭಾಷೆಯ ಚರಿತ್ರೆಯನ್ನು ನೋಡಿದರೆ, ಹಳಗನ್ನಡದ ‘ಪಾಲ್’ ಎಂಬುದು ಪಕಾರವನ್ನು ಕಳೆದುಕೊಂಡು ‘ಹಾಲು’ ಆಯಿತು. ‘ಆಲು’ ಎಂಬುದು ಅದೇ ಮಾರ್ಗದಲ್ಲಿ ಮುಂದಿನ ಹೆಜ್ಜೆ. ಮೊದಲನೆಯ ಬದಲಾವಣೆಯನ್ನು ವೈಯಾಕರಣರು ನಿಯಮವೆಂದು ಅಂಗೀಕರಿಸಿರುವಾಗ, ಎರಡನೆಯದನ್ನು ಬಡವರ ಮಕ್ಕಳಲ್ಲಿ ರೋಗವೆಂದು ಎಣಿಸುವುದು ನ್ಯಾಯವಾಗಲಾರದು. ಮಹಾಪ್ರಾಣಗಳ ವಿಷಯವೂ ಇಂಥದೇ. ‘ಕಥೆ’ಯನ್ನು ‘ಕತೆ’ ಎಂದು ಬರೆಯುವ ವಿದ್ವಾಂಸನನ್ನು ಯಾರೂ ಚಿಕಿತ್ಸೆಗೆ ಕಳುಹಿಸುವುದಿಲ್ಲ. ಆನ್ ಆರ್ಬರ್ ನಗರದ ನ್ಯಾಯಾಲಯವು 1979ರಲ್ಲಿ ಎದುರಿಸಿದ ಪ್ರಶ್ನೆಯ ಸ್ವರೂಪವೂ ಇದೇ ಎಂಬುದನ್ನು ನೆನೆಯಬೇಕು.

5. ಸಂಖ್ಯೆಯೂ ಹಕ್ಕೂ

ಈ ವಿವೇಚನೆ ಪಂಡಿತರ ಚರ್ಚೆಗೆ ಮಾತ್ರ ಮೀಸಲಾದುದಲ್ಲ. ಅಂಗವೈಕಲ್ಯವುಳ್ಳವರ ಹಕ್ಕುಗಳನ್ನು ಕುರಿತ 1995ರ ಅಧಿನಿಯಮವು, ಸೌಲಭ್ಯಗಳಿಗೆ ಅರ್ಹರಾಗಲು ವೈದ್ಯಾಧಿಕಾರಿಯ ಪ್ರಮಾಣಪತ್ರದಲ್ಲಿ ವೈಕಲ್ಯವು ಶೇಕಡ 40ಕ್ಕೆ ಕಡಮೆಯಿರಬಾರದೆಂದು ವಿಧಿಸಿತು. ಈ ಪ್ರಮಾಣವನ್ನು ನಿರ್ಣಯಿಸಲು ಕೇಂದ್ರಸರ್ಕಾರವು 2001ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಡೆಸಿಬೆಲ್ ಮಟ್ಟದ ಪಕ್ಕದಲ್ಲಿಯೇ ಮಾತಿನ ಗ್ರಹಣದ ಶೇಕಡಾವಾರು ಪ್ರಮಾಣವನ್ನೂ ಕೊಟ್ಟಿದ್ದಿತು. ಎಂದಮೇಲೆ ಪದಪಟ್ಟಿಯ ಭಾಷೆಯು ಪ್ರಯಾಣದ ರಿಯಾಯತಿ, ವಿದ್ಯಾರ್ಥಿವೇತನ, ಉದ್ಯೋಗದ ಮೀಸಲಾತಿ ಇವುಗಳ ಬಾಗಿಲಿನವರೆಗೂ ಬಂದು ನಿಂತಿತೆಂದಾಯಿತು. ತಿಳಿಯದ ಭಾಷೆಯಲ್ಲಿ ನಡೆದ ಪರೀಕ್ಷೆಯು ಎರಡು ಬಗೆಯಲ್ಲಿ ಅನ್ಯಾಯಕ್ಕೆ ಎಡೆಗೊಡುವುದು. ಕೇಳಬಲ್ಲವನನ್ನು ಕಿವುಡನೆಂದು ಬರೆದುಕೊಳ್ಳುವುದು ಒಂದು. ನಿಜವಾಗಿ ಕೇಳದವನ ಕಷ್ಟವನ್ನು, ಅವನಿಗೆ ಭಾಷೆ ಬಾರದೆಂಬ ನೆವದಿಂದ, ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಇನ್ನೊಂದು.

ಕರ್ಣಾಟಕದಲ್ಲಿಯೇ ಕನ್ನಡವು ಎಲ್ಲರ ಮನೆಮಾತಲ್ಲವೆಂಬುದನ್ನೂ ಇಲ್ಲಿ ಹೇಳಬೇಕಾಗಿದೆ. 2011ರ ಜನಗಣತಿಯಂತೆ ರಾಜ್ಯದ ಜನರಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು ಸುಮಾರು ಮೂರರಲ್ಲಿ ಎರಡು ಪಾಲು. ಉಳಿದವರಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ ಆಡುವವರಿರುವರು. ತುಳು, ಕೊಂಕಣಿ, ಕೊಡವ, ಬ್ಯಾರಿ, ಲಂಬಾಣಿ ಮಾತುಗಳವರೂ ಅರಣ್ಯವಾಸಿಗಳಾದ ಸೋಲಿಗರು, ಜೇನುಕುರುಬರು ಮೊದಲಾದವರೂ ಇರುವರು. ಶಾಲೆಯನ್ನು ಕಾಣದ ತುಳುವ ಮುದುಕಿಯ ಮುಂದೆ ಕನ್ನಡದ ಪಟ್ಟಿಯನ್ನು ಓದುವುದಕ್ಕೂ, ಮಂಡ್ಯದ ರೈತನ ಮುಂದೆ ಸೇಂಟ್ ಲೂಯಿಸಿನ ಪಟ್ಟಿಯನ್ನು ಓದುವುದಕ್ಕೂ ತತ್ತ್ವತಃ ಭೇದವಿಲ್ಲ. ಇಂಗ್ಲಿಷಿನಿಂದ ನಮಗಾದುದನ್ನು ಆಕ್ಷೇಪಿಸುವ ನಾವು, ಕನ್ನಡದಿಂದ ನೆರೆಯವರಿಗೆ ಅದೇ ಆಗದಂತೆ ಎಚ್ಚರವಹಿಸುವುದು ಉಚಿತ.

ಭಾಷೆಯ ಹಂಗಿಲ್ಲದ ಯಂತ್ರಗಳು ಬಂದಿರುವಾಗ ಈ ಚಿಂತೆ ಏತಕ್ಕೆಂದು ಕೆಲವರು ಕೇಳಬಹುದು. ಒಳಗಿವಿಯೇ ಹೊರಡಿಸುವ ಸೂಕ್ಷ್ಮಧ್ವನಿಯನ್ನು ಡೇವಿಡ್ ಕೆಂಪ್ 1978ರಲ್ಲಿ ವರದಿಮಾಡಿದ ಬಳಿಕ, ನವಜಾತ ಶಿಶುವಿನ ಕಿವಿಯನ್ನೂ ಅದರ ಉತ್ತರವನ್ನು ಕಾಯದೆ ಪರೀಕ್ಷಿಸುವುದು ಸಾಧ್ಯವಾಗಿದೆ. ಇದು ದೊಡ್ಡ ಉಪಕಾರ. ಆದರೆ ಯಂತ್ರದ ಕಾರ್ಯ ಊನವನ್ನು ಪತ್ತೆಮಾಡುವಲ್ಲಿಗೆ ಮುಗಿಯುವುದು. ಶ್ರವಣಯಂತ್ರವನ್ನು ತೊಡಿಸಿದ ಮೇಲೆ ಆ ಮಗುವಿಗೆ ಮಾತನ್ನು ಕಲಿಸುವವರು ತಾಯಿತಂದೆಗಳು, ಅಜ್ಜಿಯಂದಿರು, ನೆರೆಹೊರೆಯವರು. ತಾಯಿಗೆ ಬಾರದ ಭಾಷೆಯಲ್ಲಿ ಅವಳಿಗೆ ಉಪದೇಶ ನಡೆದರೆ ಚಿಕಿತ್ಸೆ ಮನೆಯ ಹೊಸ್ತಿಲನ್ನು ದಾಟದು.

6. ಮಾತಿಲ್ಲದ ಭಾಷೆ

ಯಾವ ಪದಪಟ್ಟಿಯೂ ಮುಟ್ಟದ ಒಂದು ಜನವರ್ಗವನ್ನು ಕುರಿತು ಹೇಳದಿದ್ದರೆ ಈ ಸಮೀಕ್ಷೆ ಅಪೂರ್ಣವಾಗುವುದು. ಹುಟ್ಟಿನಿಂದ ಕಿವಿ ಕೇಳದವರಲ್ಲಿ ಅನೇಕರ ಸಹಜಭಾಷೆ ಸನ್ನೆಯದು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಕಿವುಡರ ಶಾಲೆಗಳಲ್ಲಿ ಸನ್ನೆಯನ್ನು ತೊರೆದು ಬಾಯಿಮಾತನ್ನೇ ಅನುಸರಿಸಬೇಕೆಂದು ನಿರ್ಣಯಿಸಿತು. ನಿರ್ಣಯಕ್ಕೆ ಮತವಿತ್ತವರು ಬಹುತೇಕ ಎಲ್ಲರೂ ಕಿವಿ ಕೇಳುವವರೇ. ಭಾರತದಲ್ಲಿ 1880ರ ದಶಕದಲ್ಲಿ ಮುಂಬಯಿಯಲ್ಲಿಯೂ, 1893ರಲ್ಲಿ ಕಲ್ಕತ್ತೆಯಲ್ಲಿಯೂ, 1901ರಲ್ಲಿ ಮೈಸೂರಿನಲ್ಲಿಯೂ ಕಿವುಡರ ಶಾಲೆಗಳು ಆರಂಭವಾದುದು ಈ ನಿರ್ಣಯದ ಪ್ರಭಾವ ಪ್ರಬಲವಾಗಿದ್ದ ಕಾಲದಲ್ಲಿ. ಅಮೆರಿಕದ ವಿಲಿಯಂ ಸ್ಟೋಕಿ 1960ರಲ್ಲಿ ಸನ್ನೆಭಾಷೆಗೂ ತನ್ನದೇ ಆದ ವ್ಯಾಕರಣರಚನೆಯುಂಟೆಂದು ಸಪ್ರಮಾಣವಾಗಿ ತೋರಿಸಿದರು. ಮಿಲಾನಿನ ನಿರ್ಣಯದಿಂದಾದ ಹಾನಿಗೆ ಅದೇ ಪರಂಪರೆಯ ಸಮ್ಮೇಳನವು 2010ರಲ್ಲಿ ವ್ಯಾಂಕೂವರಿನಲ್ಲಿ ವಿಷಾದವನ್ನು ಸೂಚಿಸಿತು. ಭಾರತೀಯ ಸನ್ನೆಭಾಷೆಯ ಸಂಶೋಧನೆಗೂ ಶಿಕ್ಷಣಕ್ಕೂ ದೆಹಲಿಯಲ್ಲಿ ಪ್ರತ್ಯೇಕ ಕೇಂದ್ರ ಸ್ಥಾಪಿತವಾದುದು 2015ರಲ್ಲಿ. 2016ರ ಹಕ್ಕುಗಳ ಅಧಿನಿಯಮವು ಸಂವಹನಸಾಧನಗಳಲ್ಲಿ ಸನ್ನೆಭಾಷೆಯನ್ನೂ ಹೆಸರಿಸಿತು. ಕನ್ನಡದ ಪಟ್ಟಿಯನ್ನು ಕೇಳುವ ನ್ಯಾಯವೇ ಸನ್ನೆಯ ದುಭಾಷಿಯನ್ನು ಕೇಳುವ ನ್ಯಾಯವೂ ಆಗಿದೆ.

7. ಉಪಸಂಹಾರ

ಮೇಲಿನ ನಿರೂಪಣೆಯಿಂದ ಮೂರು ಸಂಗತಿಗಳು ಫಲಿಸುವುವು. ಮೊದಲನೆಯದಾಗಿ, ಶ್ರವಣಪರೀಕ್ಷೆಯ ಪದಪಟ್ಟಿಯು ನಿರ್ದಿಷ್ಟ ದೇಶಕಾಲಗಳಲ್ಲಿ, ದೂರವಾಣಿ ಹಾಗೂ ಯುದ್ಧಗಳ ಅಗತ್ಯದಿಂದ, ಒಂದು ಸಮಾಜದ ಪರಿಚಯವನ್ನು ಪ್ರಮಾಣವಾಗಿಟ್ಟುಕೊಂಡು ರಚಿತವಾದುದು. ಎರಡನೆಯದಾಗಿ, ಅದರ ಅನ್ಯಾಯ ಬೆಳಕಿಗೆ ಬಂದ ಕಡೆಗಳಲ್ಲೆಲ್ಲ ತಂದೆತಾಯಿಗಳೂ ನ್ಯಾಯಾಲಯಗಳೂ ಭಾಷಾಶಾಸ್ತ್ರಜ್ಞರೂ ತಜ್ಞರ ಜೊತೆಗೂಡಬೇಕಾಯಿತು. ಮೂರನೆಯದಾಗಿ, ಒಂದು ಭಾಷೆಗೆ ದೊರೆತ ನ್ಯಾಯವು ತಾನಾಗಿಯೇ ಅದರ ಉಪಭಾಷೆಗಳಿಗೂ ನೆರೆಯ ಭಾಷೆಗಳಿಗೂ ಹರಡುವುದಿಲ್ಲ. ಪ್ರತಿಯೊಂದಕ್ಕೂ ಪ್ರತ್ಯೇಕವಾದ ಪ್ರಯತ್ನ ಬೇಕಾಗುವುದು.

ಒಂದು ಸೂಚನೆಯೊಡನೆ ಈ ಲೇಖನವನ್ನು ಮುಗಿಸುವೆವು. ಪ್ರತಿಯೊಬ್ಬ ರೋಗಿಯ ಪರೀಕ್ಷಾಪತ್ರದಲ್ಲಿ ಅವನ ಮನೆಮಾತು ಯಾವುದು, ಊರಿನ ಸೀಮೆ ಯಾವುದು, ಪರೀಕ್ಷೆ ನಡೆದ ಭಾಷೆ ಯಾವುದು, ಬಳಸಿದ ಪಟ್ಟಿ ಯಾವುದು ಎಂಬ ನಾಲ್ಕು ಅಂಶಗಳನ್ನು ತಪ್ಪದೆ ನಮೂದಿಸುವುದು ಅಷ್ಟೇನೂ ಕಷ್ಟಸಾಧ್ಯವಲ್ಲ. ಅದಕ್ಕೆ ಹೊಸ ಯಂತ್ರವೂ ಬೇಕಿಲ್ಲ, ಹೆಚ್ಚಿನ ವೆಚ್ಚವೂ ಇಲ್ಲ. ಅಂತಹ ನಮೂದು ಇದ್ದಲ್ಲಿ ಇಂದಿನ ಚಿಕಿತ್ಸಕನಿಗೆ ತನ್ನ ಅಂಕಿಗಳ ಮಿತಿ ಗೋಚರವಾಗುವುದು. ತಪ್ಪಾಗಿ ಕಿವುಡನೆನಿಸಿಕೊಂಡವನಿಗೆ ಮರುಪರೀಕ್ಷೆಯನ್ನು ಕೇಳಲು ಆಧಾರ ದೊರೆಯುವುದು. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ಉಳಿದಿರಬಹುದಾದ ಹಳೆಯ ಪರೀಕ್ಷಾಪಟ್ಟಿಗಳನ್ನು ಸಂಗ್ರಹಿಸಿ ರಕ್ಷಿಸುವ ಕಾರ್ಯದಲ್ಲಿ ಚರಿತ್ರೆಯ ವಿದ್ಯಾರ್ಥಿಗಳು ಕೈಜೋಡಿಸಬೇಕೆಂದು ನಮ್ಮ ಬಿನ್ನಹ.